ಕುಡಿತ ಬಿಟ್ಟ ಮೊದಲ ವರ್ಷ: ಮದುವೆಗೆ ಅವಸರ ಬೇಡ

ಮದ್ಯವರ್ಜನ ಶಿಬಿರ ಮುಗಿಸಿ ಬಂದ ಮಗನಿಗೆ ಕೂಡಲೇ ಹೆಣ್ಣು ಹುಡುಕುವುದು ನಮ್ಮಲ್ಲಿ ಹಳೆಯ ರೂಢಿ. "ಒಂದು ಮದುವೆ ಮಾಡಿಬಿಟ್ಟರೆ ಜವಾಬ್ದಾರಿ ಬರುತ್ತದೆ, ತಾನಾಗಿ ಸರಿಹೋಗುತ್ತಾನೆ" ಎಂಬ ಮಾತು ಕರಾವಳಿಯಲ್ಲೂ ಇದೆ, ಘಟ್ಟದ ಮೇಲೂ ಇದೆ. ಇದನ್ನು ನಂಬಿ ನಾವು ಯಾರ ಮಗಳ ಬಾಳನ್ನು ಪಣಕ್ಕಿಡುತ್ತಿದ್ದೇವೆ?

ಕೊಡಗಿನ ಅಮ್ಮತ್ತಿಯನ್ನೇ ನೋಡೋಣ. ವಿರಾಜಪೇಟೆ-ಸಿದ್ದಾಪುರ ರಸ್ತೆಯ ಈ ಊರಿನ ಸುತ್ತಲೂ ಕಾಫಿ ತೋಟಗಳು. ಇದು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದರೂ ಕೊಡಗಿಗೂ ಕರಾವಳಿಗೂ ಹೆಣ್ಣು ಕೊಟ್ಟು ತರುವ ಸಂಬಂಧ ಉಂಟು. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮು ಬಂದವು. ಚಿಕಿತ್ಸೆ ಪಡೆದ ಯುವಕ ಮರಳುವುದು ಅದೇ ಲೈನ್ ಮನೆಗೆ, ಅದೇ ಬಟವಾಡೆ ದಿನದ ಗೆಳೆಯರ ನಡುವೆ. ಅವರಿಂದ ದೂರ ಉಳಿದರೆ ಒಂಟಿತನ ಕಾಡುತ್ತದೆ. ಆಗ ಮೊಬೈಲಿನಲ್ಲಿ ಪರಿಚಯವಾದ ಹುಡುಗಿಯ ಪ್ರೀತಿಯೋ ಮನೆಯವರು ತಂದ ಸಂಬಂಧವೋ ಮದ್ದಿನಂತೆ ಕಾಣುತ್ತದೆ.

ಆದರೆ ವೈದ್ಯಶಾಸ್ತ್ರ ಬೇರೆ ಮಾತು ಹೇಳುತ್ತದೆ. ಕೈನಡುಕ, ಬೆವರು ಕೆಲವು ದಿನಗಳಲ್ಲಿ ನಿಲ್ಲಬಹುದು. ನಿದ್ದೆಗೇಡು, ಸಿಡುಕು, ಖಿನ್ನತೆ ತಿಂಗಳುಗಟ್ಟಲೆ ಉಳಿಯುವುದುಂಟು. 2013ರಿಂದ ಮನೋವೈದ್ಯರು ಬಳಸುತ್ತಿರುವ ಮಾನದಂಡದಂತೆ ಮೂರು ತಿಂಗಳಿಂದ ಹನ್ನೆರಡು ತಿಂಗಳವರೆಗಿನದು ಆರಂಭದ ಚೇತರಿಕೆ. ವರ್ಷ ದಾಟಿದ ಮೇಲಷ್ಟೇ ಅದು ಸ್ಥಿರವಾದ ಚೇತರಿಕೆ. ಹೊಸ ಪ್ರೀತಿಯ ಸುಖ ಮೆದುಳಿನಲ್ಲಿ ಮದ್ಯ ತಟ್ಟಿದ ಜಾಗವನ್ನೇ ತಟ್ಟುತ್ತದೆ. ಆ ಪ್ರೀತಿ ಮುರಿದರೆ ಅಥವಾ ಮೊದಲ ಜಗಳವಾದರೆ ಅವನ ಕಾಲು ಪರಿಚಿತ ಅಂಗಡಿಯ ಕಡೆಗೇ ಎಳೆಯುತ್ತದೆ.

1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗದ ಹಿರಿಯರು ಮೊದಲ ವರ್ಷ ಹೊಸ ಪ್ರೇಮ ಸಂಬಂಧ ಬೇಡ ಎನ್ನುತ್ತಾರೆ. ಇದು ಆ ಬಳಗದ ಲಿಖಿತ ನಿಯಮವಲ್ಲ, ಅನುಭವದ ಮಾತು. ಡಬ್ಲಿನ್‌ನ ಕೂಲಿಕಾರ ಪೂಜ್ಯ ಮ್ಯಾಟ್ ಟಾಲ್ಬಟ್ 1884ರಲ್ಲಿ, ತನ್ನ 28ನೇ ವಯಸ್ಸಿನಲ್ಲಿ, ಕುಡಿತ ಬಿಡುವ ಪ್ರತಿಜ್ಞೆ ಮಾಡಿದಾಗ ಅದು ಮೂರು ತಿಂಗಳ ಮಟ್ಟಿಗೆ ಮಾತ್ರ. ಆಮೇಲೆ ಅದನ್ನು ಮುಂದುವರಿಸಿ 1925ರಲ್ಲಿ ಸಾಯುವವರೆಗೂ ಪಾಲಿಸಿದರು. ಚೇತರಿಕೆ ಹೀಗೆ ಹೆಜ್ಜೆಹೆಜ್ಜೆಯಾಗಿ ಬರುವಂಥದ್ದು.

ಇನ್ನೊಂದು ಗಂಭೀರ ವಿಷಯವಿದೆ. ಹುಡುಗನ ಕುಡಿತವನ್ನು ಮುಚ್ಚಿಟ್ಟು ಮದುವೆ ಮಾಡುವ ಮನೆಗಳಿವೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1098ನೇ ವಿಧಿಯಂತೆ, ದಾಂಪತ್ಯವನ್ನು ತೀವ್ರವಾಗಿ ಕದಡಬಲ್ಲ ಗುಣವೊಂದರ ವಿಷಯದಲ್ಲಿ ಒಪ್ಪಿಗೆ ಪಡೆಯಲೆಂದೇ ಮೋಸ ಮಾಡಿದ್ದರೆ ಆ ವಿವಾಹ ಸಿಂಧುವಲ್ಲ. ಕುಡಿತವನ್ನು ಬೇಕೆಂದೇ ಮುಚ್ಚಿಡುವವರು ಇದನ್ನು ನೆನಪಿಡಬೇಕು.

ಹಾಗೆಂದು ಕುಡಿತ ಬಿಟ್ಟವನಿಗೆ ಮದುವೆಯೇ ಬೇಡವೆಂದು ನಾವು ಹೇಳುತ್ತಿಲ್ಲ. ಅವನು ರೋಗಿಯಾಗಿದ್ದ, ಈಗ ಗುಣವಾಗುತ್ತಿದ್ದಾನೆ. ನಾವು ಕೇಳುವುದು ಒಂದು ವರ್ಷದ ತಾಳ್ಮೆ. ನಿಶ್ಚಿತಾರ್ಥ ಆಗಿಹೋಗಿದ್ದರೆ ಹುಡುಗಿಗೆ ಸತ್ಯ ತಿಳಿಸಿ, ಅವಳ ಇಷ್ಟ ಕೇಳಿ, ದಿನಾಂಕ ಮುಂದೂಡಲಿ. ಈಗಾಗಲೇ ಮದುವೆಯಾಗಿದ್ದರೆ ಹೆಂಡತಿಗೂ ಆಸರೆ ಬೇಕು. ಅದಕ್ಕೆಂದೇ 1951ರಿಂದ ಅಲ್-ಅನಾನ್ ಬಳಗವಿದೆ.

ಧರ್ಮಕೇಂದ್ರಗಳೂ ಮಾಡಬಹುದಾದ ಕೆಲಸವಿದೆ. ವಿವಾಹ ತರಬೇತಿ ಶಿಬಿರದಲ್ಲಿ ಕುಡಿತದ ವಿಷಯ ಮುಚ್ಚುಮರೆಯಿಲ್ಲದೆ ಬರಲಿ. ಪಾಲನಾ ಮಂಡಳಿ, ಯುವ ಸಂಘಟನೆಗಳು ಶಿಬಿರದಿಂದ ಬಂದವನನ್ನು ಭಾನುವಾರದ ಪೂಜೆಯ ಬಳಿಕ ಮಾತನಾಡಿಸಲಿ, ಬಟವಾಡೆಯ ಸಂಜೆ ಅವನ ಜೊತೆಗಿರಲಿ. ಮಾಹಿತಿ ಬೇಕಾದವರಿಗೆ ಕೇಂದ್ರ ಸರಕಾರದ ಉಚಿತ ಸಹಾಯವಾಣಿ 14446 ಇದೆ.

ಅವನ ಒಂಟಿತನವನ್ನು ತುಂಬುವ ಹೊಣೆ ಇಡೀ ಸಮುದಾಯದ್ದು. ಅದನ್ನು ಏನೂ ಅರಿಯದ ಒಬ್ಬ ಹುಡುಗಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.