ಪರೀಕ್ಷೆಗೆ ನಾವು ಅಂಜುವುದಿಲ್ಲ, ಸುಂಕದ ಕಟ್ಟೆಗೆ ತಲೆಬಾಗುವುದಿಲ್ಲ



ಹಡಗಿನ ಕೆಲಸದ ಮಾತು ಈಗ ನಮ್ಮ ಲೈನ್ ಮನೆಗಳಿಗೂ ಬಂದಿದೆ. ಏರ್ಕಾಡಿನ ಕಾಫಿ ತೋಟವಾಗಲಿ, ಧರ್ಮಪುರಿ ಕಡೆಯ ನಮ್ಮ ಕನ್ನಡ ಮನೆಗಳಾಗಲಿ, ಹತ್ತನೇ ತರಗತಿಯನ್ನೋ ಪ್ಲಸ್ ಟೂವನ್ನೋ ಮುಗಿಸಿದ ಹುಡುಗನೊಬ್ಬ ಮನೆಯಲ್ಲಿದ್ದರೆ ಸಾಕು, ದಲ್ಲಾಳಿ ಬಾಗಿಲಿಗೆ ಬರುತ್ತಾನೆ. ಲಕ್ಷಗಟ್ಟಲೆ ಹಣ ಕೇಳುತ್ತಾನೆ. ಹುಡುಗ ಕೆಲವೇ ವರ್ಷಗಳಲ್ಲಿ ಆಫೀಸರ್ ಆಗುತ್ತಾನೆ ಎನ್ನುತ್ತಾನೆ. ನಮ್ಮದು ಸಮುದ್ರ ಕಾಣದ ಸೀಮೆ. ಅವನ ಮಾತನ್ನು ಅಳೆದು ನೋಡಲು ನಮ್ಮ ಕೈಯಲ್ಲಿ ಕೋಲಿಲ್ಲ. ತಾಯಿಯ ಓಲೆ ಅಡವಿಗೆ ಹೋಗುತ್ತದೆ, ತಂದೆಯ ಭವಿಷ್ಯನಿಧಿ ಕರಗುತ್ತದೆ. ಆದುದರಿಂದ ಹಡಗಿನ ಅಧಿಕಾರಿಗಳ ಪರೀಕ್ಷೆಯ ನಿಯಮ ಮುಂಬಯಿಯವರ, ಚೆನ್ನೈಯವರ ವಿಷಯ, ನಮಗೇಕೆ ಎಂದು ಯಾರೂ ಹೇಳಬಾರದು. ಅದು ನಮ್ಮ ಅನ್ನದ ವಿಷಯ.

ಮೊದಲು ನಿಯಮವೇನು ಎಂಬುದನ್ನು ತಿಳಿಯೋಣ. ವ್ಯಾಪಾರದ ಹಡಗಿನಲ್ಲಿ ಅಧಿಕಾರಿಯಾಗಬೇಕಾದರೆ ಸರ್ಕಾರದ ಅರ್ಹತಾ ಪತ್ರ ಬೇಕು. ನಮ್ಮ ದೇಶದಲ್ಲಿ ಇದರ ಯಜಮಾನಿಕೆ ಮುಂಬಯಿಯಲ್ಲಿರುವ ನೌಕಾಯಾನ ಮಹಾನಿರ್ದೇಶನಾಲಯದ್ದು. ಅದರ ಕೆಳಗೆ ಚೆನ್ನೈಯಲ್ಲಿಯೂ ಪರೀಕ್ಷೆ ನಡೆಸುವ ಕಚೇರಿಯಿದೆ. ಸಾಮಾನ್ಯವಾಗಿ ಹುಡುಗರು ಹಿಡಿಯುವ ದಾರಿ ಇದು: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳೊಡನೆ ಪ್ಲಸ್ ಟೂ, ಪ್ರವೇಶ ಪರೀಕ್ಷೆ, ದಡದ ಮೇಲೆ 1 ವರ್ಷದ ಶಿಕ್ಷಣ, ಆಮೇಲೆ ಹಡಗಿನಲ್ಲಿ ಕೆಡೆಟ್ ಆಗಿ 18 ತಿಂಗಳ ಸೇವೆ. ಇಷ್ಟಾದ ಮೇಲೆಯೇ ಸೆಕೆಂಡ್ ಮೇಟ್ ಪರೀಕ್ಷೆ. ಬರೆಯುವ ಪರೀಕ್ಷೆಯೂ ಉಂಟು, ಪರೀಕ್ಷಕರ ಎದುರು ಕುಳಿತು ಬಾಯಲ್ಲಿ ಉತ್ತರ ಹೇಳುವುದೂ ಉಂಟು. ಕಣ್ಣಿನ ಪರೀಕ್ಷೆಯಲ್ಲಿ ಕೆಂಪು ಹಸಿರು ಬೇರೆ ಬೇರೆ ಕಾಣದವನಿಗೆ ಸೇತುವೆಯ ಕಾವಲು ಸಿಗುವುದಿಲ್ಲ. ಸೇತುವೆ ಎಂದರೆ ಹಡಗನ್ನು ನಡೆಸುವ ಮೇಲಿನ ಕೋಣೆ. ಅಲ್ಲಿಂದ ಮುಂದೆ ಫಸ್ಟ್ ಮೇಟ್, ಕೊನೆಗೆ ಮಾಸ್ಟರ್. ಒಂದೊಂದು ಮೆಟ್ಟಿಲಿಗೂ ಸಮುದ್ರದ ಸೇವೆ, ಒಂದೊಂದು ಮೆಟ್ಟಿಲಿಗೂ ಪರೀಕ್ಷೆ.

ಈ ಕಟ್ಟುನಿಟ್ಟು ತಪ್ಪೇ? ತಪ್ಪಲ್ಲ. ಇದನ್ನು ನಾವು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಸೇಲಂನಿಂದ ಏರ್ಕಾಡಿಗೆ ಹತ್ತುವ ಘಾಟಿಯಲ್ಲಿ 20 ಕಡಿದಾದ ತಿರುವುಗಳಿವೆ. ಕೂಲಿಗಾರರನ್ನು ತುಂಬಿದ ಲಾರಿಯನ್ನು ಲೈಸೆನ್ಸ್ ಇಲ್ಲದವನ ಕೈಗೆ ಕೊಟ್ಟರೆ ನಾವು ಹತ್ತುತ್ತೇವೆಯೇ? ಹೊಗೇನಕಲ್ಲಿನಲ್ಲಿ ಕಾವೇರಿ ತುಂಬಿ ಬಂದಾಗ ನೀರು ಬಲ್ಲ ಹರಿಗೋಲಿನವನು ಈ ದಿನ ಬೇಡ ಎಂದರೆ ಅವನ ಮಾತು ಮೀರುತ್ತೇವೆಯೇ? ಹಡಗೂ ಹಾಗೆಯೇ. ಮಾಲೀಕನಿಗೆ ಸರಕು ಬೇಗ ಮುಟ್ಟಬೇಕು. ಬಿರುಗಾಳಿಯಲ್ಲಿ ಬೇಡ ಎನ್ನುವ ಧೈರ್ಯ ಅಧಿಕಾರಿಗೆ ಬೇಕು. ಮಾಲೀಕನ ದಯೆಯಿಂದಷ್ಟೇ ಅಧಿಕಾರಿಯಾದವನಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಅಪೊಸ್ತಲರ ಕೃತ್ಯಗಳನ್ನು ಓದಿದವರಿಗೆ ನೆನಪಿರಬಹುದು: ಪೌಲನ ಎಚ್ಚರಿಕೆಯನ್ನು ಬಿಟ್ಟು ಶತಾಧಿಪತಿಯು ಚುಕ್ಕಾಣಿಗನ ಮತ್ತು ಹಡಗಿನ ಯಜಮಾನನ ಮಾತನ್ನು ನಂಬಿದನು. 276 ಜೀವಗಳು ಉಳಿದವು, ಹಡಗು ಉಳಿಯಲಿಲ್ಲ.

ಇಂಗ್ಲೆಂಡಿನಲ್ಲಿಯೂ ಪರೀಕ್ಷೆ ತಾನಾಗಿ ಬರಲಿಲ್ಲ. 1836ರಲ್ಲಿ ಅಲ್ಲಿಯ ಪಾರ್ಲಿಮೆಂಟಿನ ಸಮಿತಿ ಹಡಗುಗಳು ಮುಳುಗುವುದೇಕೆ ಎಂದು ವಿಚಾರಿಸಿತು. ಕಾರಣಗಳಲ್ಲಿ ಅಧಿಕಾರಿಗಳ ಅಜ್ಞಾನವನ್ನೂ ಕುಡಿತವನ್ನೂ ಎತ್ತಿ ಹೇಳಿತು. 1850ರ ಕಾಯಿದೆ ದೂರದೇಶಕ್ಕೆ ಹೋಗುವ ಹಡಗಿನ ಮಾಸ್ಟರ್ ಮತ್ತು ಮೇಟ್‌ಗಳಿಗೆ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ದೇಶದೇಶಗಳಿಗೆ ಒಂದೇ ಅಳತೆಗೋಲು ಇರಲೆಂದು 1978ರಲ್ಲಿ ಲಂಡನ್ನಿನಲ್ಲಿ ಒಪ್ಪಂದವಾಯಿತು. 1984ರಲ್ಲಿ ಜಾರಿಗೆ ಬಂತು. 1995ರಲ್ಲಿಯೂ 2010ರಲ್ಲಿಯೂ ತಿದ್ದುಪಡಿಯಾಯಿತು. ಸತ್ತ ನಾವಿಕರ ಲೆಕ್ಕದಿಂದ ಹುಟ್ಟಿದ ನಿಯಮ ಇದು. ಇದನ್ನು ಸಡಿಲಿಸಿ ಎಂದು ಬಡವರ ಹೆಸರಿನಲ್ಲಿ ಯಾರಾದರೂ ಕೇಳಿದರೆ ಅವರು ಬಡವರ ಸ್ನೇಹಿತರಲ್ಲ. ಹಡಗು ಮುಳುಗಿದರೆ ಮೊದಲು ಮುಳುಗುವವನು ಕೆಳಗಿನ ಅಂತಸ್ತಿನವನು.

ಹಾಗಾದರೆ ನಮ್ಮ ತಕರಾರು ಏನು? ಪರೀಕ್ಷೆಯ ಬಾಗಿಲಿಗೆ ಬೀಗವಿಲ್ಲ. ಆದರೆ ಆ ಬಾಗಿಲಿಗೆ ಹೋಗುವ ದಾರಿಯಲ್ಲಿ ಸುಂಕದ ಕಟ್ಟೆ ಇದೆ. ಸಮುದ್ರದ ಸೇವೆ ಇಲ್ಲದೆ ಪರೀಕ್ಷೆಗೆ ಕೂರುವಂತಿಲ್ಲ. ಹಡಗಿನಲ್ಲಿ ಜಾಗ ಸಿಗದೆ ಸಮುದ್ರದ ಸೇವೆ ಇಲ್ಲ. ಆ ಜಾಗವನ್ನು ಕೊಡುವುದು ಸರ್ಕಾರವಲ್ಲ, ಕಂಪನಿ. ಕಂಪನಿಗೂ ಹುಡುಗನಿಗೂ ನಡುವೆ ದಲ್ಲಾಳಿ. ಶಾಲೆಯಲ್ಲಿ ಓದಿ, ಪತ್ರ ಹಿಡಿದು, ಜಾಗ ಸಿಗದೆ ವರ್ಷಗಟ್ಟಲೆ ಕಾದು, ಕೊನೆಗೆ ಮನೆಗೆ ಮರಳಿ ಬೇರೆ ಕೂಲಿಗೆ ಹೋಗುವ ಹುಡುಗ ಯಾವ ಪರೀಕ್ಷೆಯಲ್ಲಿಯೂ ಫೇಲಾದವನಲ್ಲ. ಅವನನ್ನು ಯಾರೂ ಪರೀಕ್ಷಿಸಲೇ ಇಲ್ಲ! ಅವನ ತಂದೆಯ ಜೇಬನ್ನು ಮಾತ್ರ ಪರೀಕ್ಷಿಸಿದರು.

ಈ ದಲ್ಲಾಳಿಯನ್ನು ನಾವು ಹೊಸದಾಗಿ ನೋಡುತ್ತಿಲ್ಲ. ನಮ್ಮ ಅಜ್ಜಂದಿರನ್ನು ಮುಂಗಡ ಕೊಟ್ಟು ಬೆಟ್ಟ ಹತ್ತಿಸಿದವನು ಮೇಸ್ತ್ರಿ, ಕಂಗಾಣಿ. ಅವನ ಲೆಕ್ಕದ ಪುಸ್ತಕದಲ್ಲಿ ಸಾಲ ಎಂದೂ ತೀರಲಿಲ್ಲ. ಅದೇ ಕಾಲದಲ್ಲಿ ಬೊಂಬಾಯಿ, ಕಲ್ಕತ್ತೆಯ ಬಂದರುಗಳಲ್ಲಿ ನಮ್ಮ ದೇಶದ ಖಲಾಸಿಗಳನ್ನು ಹಡಗಿಗೆ ಹತ್ತಿಸುತ್ತಿದ್ದವರು ಸಾರಂಗ ಮತ್ತು ದಲ್ಲಾಳಿ. ಅಲ್ಲಿಯೂ ಕೈಬಿಸಿ ಮಾಡದೆ ಕೆಲಸವಿರಲಿಲ್ಲ. ಇಬ್ಬರೂ ಒಂದೇ ಮರದ ಕೊಂಬೆಗಳು. ಭಾರತೀಯ ಹುಡುಗರನ್ನು ಅಧಿಕಾರಿಗಳನ್ನಾಗಿ ತಯಾರು ಮಾಡಲು 'ಡಫರಿನ್' ಎಂಬ ತರಬೇತಿ ಹಡಗು ಬೊಂಬಾಯಿಯಲ್ಲಿ ಶುರುವಾದದ್ದು 1927ರಲ್ಲಿ. ಅಲ್ಲಿಯವರೆಗೆ ಕಲ್ಲಿದ್ದಲು ತುಂಬಲು, ಡೆಕ್ ತೊಳೆಯಲು ನಮ್ಮವರು ಬೇಕಾಗಿದ್ದರು, ಸೇತುವೆಯ ಮೇಲೆ ನಿಲ್ಲಲು ಬೇಡವಾಗಿದ್ದರು. ಅಂದು ಬಣ್ಣ ಅಡ್ಡಬಂತು. ಇಂದು ಹಣ ಅಡ್ಡಬರುತ್ತಿದೆ.

ಕಾನೂನು ಏನು ಹೇಳುತ್ತದೆ ಕೇಳಿರಿ. ನಾವಿಕನಿಗೆ ಕೆಲಸ ಕೊಡಿಸಿ ಅವನಿಂದ ಹಣ ಪಡೆಯಬಾರದೆಂದು 1920ರಲ್ಲಿಯೇ ಜಿನೋವಾ ನಗರದಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಪ್ಪಂದ ಮಾಡಿತು. 2006ರ ನಾವಿಕ ಕಾರ್ಮಿಕರ ಒಪ್ಪಂದಕ್ಕೆ ಭಾರತ 2015ರಲ್ಲಿ ಸೇರಿತು. ಅದರಂತೆ ವೈದ್ಯಕೀಯ ಪತ್ರ, ನಾವಿಕರ ಪುಸ್ತಕ, ಪಾಸ್‌ಪೋರ್ಟ್ ಇಂಥವುಗಳ ಖರ್ಚು ಬಿಟ್ಟರೆ ಕೆಲಸ ಕೊಡಿಸಿದ್ದಕ್ಕೆ ಒಂದು ಕಾಸನ್ನೂ ನಾವಿಕನಿಂದ ಕೀಳುವಂತಿಲ್ಲ. ವೀಸಾದ ಖರ್ಚು ಕೂಡ ಹಡಗಿನ ಮಾಲೀಕನದು. ನಾವಿಕರನ್ನು ನೇಮಿಸಿ ಕಳಿಸುವ ಏಜೆಂಟನಿಗೆ ನೌಕಾಯಾನ ಮಹಾನಿರ್ದೇಶನಾಲಯದ ಲೈಸೆನ್ಸ್ ಬೇಕು. ಶಾಲೆಯ ಶುಲ್ಕ ಬೇರೆ, ಕೆಲಸದ ಲಂಚ ಬೇರೆ. ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕೇಳುವವನು ಮೋಸಗಾರ.

ಇನ್ನೊಂದು ಮಾತು ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ. 1978ರ ಒಪ್ಪಂದದಲ್ಲಿಯೇ ಎರಡು ದಾರಿಗಳಿವೆ. ಅಂಗೀಕೃತ ತರಬೇತಿಯೊಡನೆ ಹೋದವನಿಗೆ ಕನಿಷ್ಠ 12 ತಿಂಗಳ ಸಮುದ್ರ ಸೇವೆ ಸಾಕು. ಹಾಗಲ್ಲದವನಿಗೆ ಕನಿಷ್ಠ 36 ತಿಂಗಳ ಸೇವೆ ಬೇಕು. ಇಬ್ಬರೂ ಅದೇ ಪಾಠ ಕಲಿಯಬೇಕು, ಅದೇ ಅರ್ಹತೆ ತೋರಿಸಬೇಕು. ಅಂದರೆ ಡೆಕ್ ತೊಳೆಯುವ ಸಾಧಾರಣ ನಾವಿಕನೂ ಸೇವೆ ಮಾಡಿ, ಓದಿ, ಅಧಿಕಾರಿಯಾಗಬಹುದೆಂದು ಜಗತ್ತೇ ಒಪ್ಪಿದೆ. ಹತ್ತನೇ ತರಗತಿ ಪಾಸಾಗಿ 6 ತಿಂಗಳ ತರಬೇತಿಯಿಂದ ನಾವಿಕನಾಗುವ ನಮ್ಮ ಹುಡುಗನಿಗೆ ಈ ಏಣಿಯನ್ನು ತೋರಿಸುವವರು ಯಾರು? ಏಣಿ ಕಾಗದದಲ್ಲಿದೆ. ಕಾಲಿಡಲು ಹೋದರೆ ರಜೆಯಿಲ್ಲ, ಶುಲ್ಕಕ್ಕೆ ಹಣವಿಲ್ಲ, ಇಂಗ್ಲಿಷ್ ಬಾರದು.

ಇಂಗ್ಲಿಷ್ ಬೇಡವೆಂದು ನಾವು ಹೇಳುವುದಿಲ್ಲ. ಹಲವು ದೇಶದವರು ಕೂಡಿ ನಡೆಸುವ ಹಡಗಿನಲ್ಲಿ ಅಪಾಯದ ಹೊತ್ತಿಗೆ ಒಂದು ಮಾತು ಬೇಕೇಬೇಕು. ಆದರೆ ತೋಟದ ಶಾಲೆಯಲ್ಲಿ ಇಂಗ್ಲಿಷನ್ನೂ ಗಣಿತವನ್ನೂ ಕಲಿಸಲು ಉಪಾಧ್ಯಾಯರಿಲ್ಲದಂತೆ ಮಾಡಿ, ಆಮೇಲೆ ಅಂಕ ಸಾಲದು ಎಂದು ಹುಡುಗನನ್ನು ಹಿಂದಕ್ಕೆ ಕಳಿಸುವುದು ನ್ಯಾಯವೇ?

2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು 1958ರ ಹಳೆಯ ಕಾಯಿದೆಯ ಬದಲಿಗೆ ಹೊಸ ವಾಣಿಜ್ಯ ನೌಕಾ ಕಾಯಿದೆಯನ್ನು ಅಂಗೀಕರಿಸಿದೆ. ಕಾಯಿದೆ ಹೊಸದಾದಾಗ ನಿಯಮವನ್ನೂ ತಿದ್ದಬಹುದು. ಆದ್ದರಿಂದ ನಾವು ಕೇಳುವುದು ಇಷ್ಟು:

ಒಂದು, ಹಡಗಿನಲ್ಲಿ ಎಷ್ಟು ತರಬೇತಿ ಜಾಗಗಳನ್ನು ಬರವಣಿಗೆಯಲ್ಲಿ ತೋರಿಸಬಲ್ಲದೋ ಅಷ್ಟೇ ಹುಡುಗರನ್ನು ಶಾಲೆ ಸೇರಿಸಿಕೊಳ್ಳಲಿ. ಹಿಂದಿನ ವರ್ಷ ಎಷ್ಟು ಮಂದಿ ಹಡಗು ಹತ್ತಿದರು ಎಂಬುದನ್ನು ಶಾಲೆಯ ಬಾಗಿಲಲ್ಲಿ ಬರೆದು ಹಾಕಲಿ.

ಎರಡು, ಸಾಧಾರಣ ನಾವಿಕನಿಗೆ ಓದಲು ರಜೆ, ಶುಲ್ಕಕ್ಕೆ ಸಹಾಯ ದೊರೆಯಲಿ. 36 ತಿಂಗಳ ದಾರಿ ಕಾಗದದ ದಾರಿಯಾಗಿ ಉಳಿಯದಿರಲಿ.

ಮೂರು, ಲೈಸೆನ್ಸ್ ಇಲ್ಲದ ಏಜೆಂಟನ ಮೇಲೆ ದೂರು ಕೊಡಲು ನಾವು ಮುಂಬಯಿಗೆ ಹೋಗಲಾರೆವು. ಸೇಲಂನಲ್ಲಿಯೂ ಧರ್ಮಪುರಿಯಲ್ಲಿಯೂ ಕಲೆಕ್ಟರ ಕಚೇರಿಯಲ್ಲಿ, ನಮ್ಮ ಭಾಷೆಯಲ್ಲಿ ಕೊಟ್ಟ ದೂರನ್ನು ತೆಗೆದುಕೊಳ್ಳಲಿ.

ಅಲ್ಲಿಯವರೆಗೆ ನಮ್ಮ ಮನೆಯವರಲ್ಲಿ ಒಂದು ವಿನಂತಿ. ಹಣ ಕೊಡುವ ಮೊದಲು ಕೇಳಿರಿ: ಶಾಲೆಗೆ ಮಹಾನಿರ್ದೇಶನಾಲಯದ ಅಂಗೀಕಾರ ಉಂಟೇ? ಏಜೆಂಟನ ಲೈಸೆನ್ಸ್ ನಂಬರ್ ಏನು? ಹಡಗಿನ ಜಾಗ ಬರವಣಿಗೆಯಲ್ಲಿ ಉಂಟೇ? ಉತ್ತರ ಕೊಡದವನಿಗೆ ಕಾಫಿ ಕೊಟ್ಟು ಕಳಿಸಿರಿ, ಓಲೆ ಕೊಡಬೇಡಿರಿ. ಸಮುದ್ರಕ್ಕೆ ಹೋಗದೆ ಸೇವೆಯ ಕಾಗದ ಮಾಡಿಸಿಕೊಡುತ್ತೇನೆ ಎನ್ನುವವನನ್ನಂತೂ ಹೊಸ್ತಿಲು ದಾಟಿಸಬೇಡಿರಿ. ಸುಳ್ಳು ಕಾಗದ ಸಿಕ್ಕಿಬಿದ್ದ ದಿನ ಜೈಲು ಕಾಣುವವನು ನಿಮ್ಮ ಮಗ.

ಹಡಗನ್ನು ಯಾರು ನಡೆಸಬೇಕೆಂಬುದನ್ನು ಮಾಲೀಕನೊಬ್ಬನೇ ತೀರ್ಮಾನಿಸಬಾರದೆಂದು ಪರೀಕ್ಷೆ ಬಂತು. ಆ ಪರೀಕ್ಷೆಗೆ ಯಾರು ಕೂರಬೇಕೆಂಬುದನ್ನು ದಲ್ಲಾಳಿ ತೀರ್ಮಾನಿಸುವುದಾದರೆ ನಿಯಮ ಅರ್ಧಕ್ಕೆ ನಿಂತಿದೆ. ಉಳಿದ ಅರ್ಧವನ್ನು ಬರೆಯಿಸುವ ಕೆಲಸ ನಮ್ಮದು.