ತಾಳೆಯಾಗದ ಹತ್ತು ಪೈಸೆ

ಮಕ್ಕಳೇ, ಕೆ.ಆರ್. ನಗರದ ಮೊಮ್ಮಗಳು ರಜೆಗೆಂದು ಹುಣಸೂರಿನ ನಮ್ಮ ಮನೆಗೆ ಬಂದಿದ್ದಾಳೆ. ಮೊನ್ನೆ ಲ್ಯಾಪ್‌ಟಾಪ್ ತೆರೆದು, "ತಾತ, ಪೈಥಾನ್‌ನಲ್ಲಿ ಯಾವ ಲೆಕ್ಕ ಬೇಕಾದರೂ ಕೇಳು" ಅಂದಳು.

"ಹತ್ತು ಪೈಸೆ ಅಂದರೆ 0.1 ರೂಪಾಯಿ. ಅದನ್ನು ಒಂದರ ಮೇಲೊಂದರಂತೆ ಹತ್ತು ಸಲ ಕೂಡಿಸಮ್ಮ" ಅಂದೆ.

ಒಂದು ರೂಪಾಯಿ ಬರಬೇಕಲ್ಲವೇ? ಬಂದದ್ದು 0.9999999999999999!

"ಇಷ್ಟು ಚಿಕ್ಕ ತಪ್ಪು ಬಿಡು ತಾತ" ಅಂದಳು. ನಾನು ಬಿಡಲಿಲ್ಲ. ಅದಕ್ಕೊಂದು ಕಾರಣವಿದೆ. ಪಿರಿಯಾಪಟ್ಟಣದಲ್ಲಿ ನಾನು ಬ್ಯಾಂಕ್ ಗುಮಾಸ್ತನಾಗಿದ್ದಾಗ ಒಂದು ಸಂಜೆ ಲೆಕ್ಕದಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂತು. ಜೇಬಿನಿಂದ ಹಾಕಿ ಎದ್ದುಬಿಡೋಣ ಅನ್ನಿಸಿತು. ನಮ್ಮ ಅಧಿಕಾರಿ ಒಪ್ಪಲಿಲ್ಲ. ರಾತ್ರಿ ಎಂಟರವರೆಗೆ ಹುಡುಕಿದೆವು. ಒಬ್ಬ ರೈತರ ಖಾತೆಗೆ 90 ರೂಪಾಯಿ ಕಡಿಮೆ ಬರೆದಿದ್ದೆ, ಇನ್ನೊಬ್ಬರ ಖಾತೆಗೆ 90 ರೂಪಾಯಿ 10 ಪೈಸೆ ಹೆಚ್ಚು! ಎರಡು ದೊಡ್ಡ ತಪ್ಪುಗಳು ಒಂದನ್ನೊಂದು ಮರೆಮಾಡಿ, ಹತ್ತು ಪೈಸೆ ಮಾತ್ರ ಹೊರಗೆ ಕಾಣುತ್ತಿತ್ತು. ಅಂದಿನಿಂದ ಚಿಕ್ಕ ವ್ಯತ್ಯಾಸ ಎಂದರೆ ನನಗೆ ಭಯ.

ಕಂಪ್ಯೂಟರ್ ತಪ್ಪಿದ್ದೇಕೆ? ಅದಕ್ಕೆ 0 ಮತ್ತು 1 ಎರಡೇ ಅಂಕಿ. ಒಂದಕ್ಕಿಂತ ಚಿಕ್ಕದನ್ನು ಅದು ಅರ್ಧ, ಕಾಲು, ಅರೆಕಾಲು, ವೀಸ ಎಂದು ಅರ್ಧಕ್ಕೆ ಅರ್ಧ ಮಾಡುತ್ತಲೇ ಬರೆಯಬೇಕು. ಹತ್ತನೆಯ ಒಂದು ಭಾಗ ಹಾಗೆ ಎಂದಿಗೂ ಮುಗಿಯುವುದಿಲ್ಲ. ನಾವು ಮೂರನೆಯ ಒಂದು ಭಾಗವನ್ನು 0.333 ಎಂದು ಬರೆಯುತ್ತಲೇ ಹೋಗುವುದಿಲ್ಲವೇ, ಹಾಗೆ. ಎಲ್ಲೋ ಒಂದು ಕಡೆ ನಿಲ್ಲಿಸಬೇಕು. ಅಲ್ಲೇ ಚೂರು ಉಳಿಯುವುದು.

ಅಜ್ಜ ಅಜ್ಜಿಯರೇ, ನಮ್ಮ ಆಣೆ ನೆನಪಿದೆಯೇ? ರೂಪಾಯಿಗೆ ಹದಿನಾರು. ಒಂದಾಣೆ ಎಂದರೆ ವೀಸ, ಅಂದರೆ 0.0625 ರೂಪಾಯಿ. ಅದನ್ನು ಹದಿನಾರು ಸಲ ಕೂಡಿಸಿದಾಗ ಸರಿಯಾಗಿ 1.0 ಬಂತು! ನಮ್ಮ ಹಳೆಯ ಆಣೆ ಕಂಪ್ಯೂಟರಿಗೆ ಸಲೀಸು. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದಾಗ ತೊಡಕು ಮನುಷ್ಯರಿಗೇ ಆಯಿತು. ಆಣೆಗೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯ ಎಲ್ಲಿದೆ? ಆರು ಎಂದೇ ಹಿಡಿದರು. ನಾಲ್ಕಾಣೆಗೆ ಒಟ್ಟಿಗೆ 25 ಪೈಸೆ. ಒಂದೊಂದಾಣೆಯಾಗಿ ಕೊಟ್ಟರೆ 24!

ಇದಕ್ಕೆ ಮದ್ದು ಮೊಮ್ಮಗಳಿಗೇ ಗೊತ್ತಿತ್ತು. ಪ್ರೋಗ್ರಾಂ ಬರೆಯುವವರು 'ಲೈಬ್ರರಿ' ಎನ್ನುವುದು ಬೇರೆಯವರು ಬರೆದು ಸಿದ್ಧವಾಗಿಟ್ಟ ಕೋಡ್‌ಗೆ. ಪೈಥಾನ್ ಜೊತೆಗೇ 'ಡೆಸಿಮಲ್' ಎಂಬ ಲೈಬ್ರರಿ ಬರುತ್ತದೆ. ಅದು ನಮ್ಮ ಹಾಗೆಯೇ ಹತ್ತರ ಲೆಕ್ಕ ಇಡುತ್ತದೆ. ಎಚ್ಚರ ಒಂದೇ: 0.1 ಅನ್ನು ಉದ್ಧರಣ ಚಿಹ್ನೆಯೊಳಗೆ ಬರೆದು ಕೊಡಬೇಕು. ಮರೆತರೆ ಚೂರು ಸೇರಿದ ಸಂಖ್ಯೆಯೇ ಒಳಗೆ ಹೋಗುತ್ತದೆ. ಅವಳು ಹಾಗೆ ಬರೆದು ಹತ್ತು ಸಲ ಕೂಡಿಸಿದಳು. ಬಂದದ್ದು 1.0.

"ತಾಳೆಯಾಯ್ತು ತಾತ, ಇನ್ನು ಊಟಕ್ಕೆ ಏಳು!" ಅಂದಳು.

ನಿಮಗೊಂದು ಲೆಕ್ಕ: 50, 25, 20, 10 ಪೈಸೆಗಳನ್ನು ರೂಪಾಯಿಯಲ್ಲಿ ಬರೆದರೆ, ಕಂಪ್ಯೂಟರ್ ಚೂರೂ ತಪ್ಪದೆ ಇಟ್ಟುಕೊಳ್ಳುವುದು ಯಾವುವನ್ನು? ಅಜ್ಜನ ಜೊತೆ ಕೂತು ಅರ್ಧಕ್ಕೆ ಅರ್ಧ ಮಾಡಿ ನೋಡಿ. ಉತ್ತರ ಮುಂದಿನ ವಾರ.