ಮಾತಾಡಿಸಿಕೊಂಡು ಬರೋಣ

ಸಾವಾದ ಮನೆಗೆ ಹೊರಟವರು ನಮ್ಮ ಕಡೆ ಹೇಳುವುದು ಒಂದೇ ಮಾತು: “ಹೋಗಿ ಮಾತಾಡಿಸಿಕೊಂಡು ಬರೋಣ.” ಆಸ್ಪತ್ರೆಗೆ ಹೊರಟರೂ ಅದೇ. ಯಾರದೋ ಕೆಲಸ ಹೋಯಿತು, ಯಾರದೋ ಮಗಳ ಮದುವೆ ಮುರಿಯಿತು ಎಂದು ಸುದ್ದಿ ಬಂದರೂ ಅದೇ. “ಮಾತಾಡಿಕೊಂಡು ಬರೋಣ” ಅಂದರೆ ವ್ಯವಹಾರ ಬೇರೆ. ಅಲ್ಲಿ ಸೈಟಿನ ದರವೋ ಹೆಣ್ಣು ಕೊಡುವ ವಿಷಯವೋ ಇರಬೇಕು. ಎರಡರ ನಡುವೆ ಇರುವುದು ‘ಇಸು’ ಎಂಬ ಪುಟ್ಟ ಪ್ರತ್ಯಯ. ಮಾಡು, ಮಾಡಿಸು. ಕಲಿ, ಕಲಿಸು. ನಗು, ನಗಿಸು. ‘ಇಸು’ ಬಂದರೆ ಕೆಲಸ ಎದುರಿಗಿರುವವರದು, ನಾವು ಅದಕ್ಕೊಂದು ನೆಪ ಅಷ್ಟೆ. ಹಾಗಾದರೆ ಮಾತಾಡಿಸಲು ಹೋದವರು ಮಾತಾಡಬೇಕಾದ್ದಿಲ್ಲ. ದುಃಖದಲ್ಲಿರುವವರ ಬಾಯಿಂದ ಮಾತು ಹೊರಡುವಂತೆ ಮಾಡಿದರೆ ಸಾಕು. ಬಳಸಿ ಬಳಸಿ ಆ ಪದಕ್ಕೆ ಈಗ ‘ಕಂಡುಬರು’ ಅನ್ನುವಷ್ಟೇ ಅರ್ಥ ಉಳಿದಿದೆ, ನಿಜ. ಒಂದು ಪ್ರತ್ಯಯದ ಮೇಲೆ ಇಷ್ಟು ಭಾರ ಹೇರುವುದು ಸರಿಯೇ ಎಂದು ವೈಯಾಕರಣಿಗಳು ಕೇಳಬಹುದು. ಇವತ್ತು ಹೇರುತ್ತೇನೆ.

ಕೆಲವು ವರ್ಷಗಳ ಹಿಂದೆ ಮೈಸೂರಿನಲ್ಲಿ ನನ್ನ ಗೆಳೆಯನೊಬ್ಬ ತೀರಿಕೊಂಡ. ಲೆಕ್ಕದ ಮೇಷ್ಟ್ರು, ನಿವೃತ್ತನಾಗಿ ಇನ್ನೂ ಎರಡು ವರ್ಷವಾಗಿರಲಿಲ್ಲ. ನಾನು ಹೋಗಿದ್ದು ಐದನೇ ದಿನ. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸುತ್ತಲೇ ಇದ್ದೆ. ಬರೆಯುವವನಲ್ಲವೆ, ನಾಲ್ಕು ಒಳ್ಳೆಯ ವಾಕ್ಯ ಸಿಕ್ಕೇ ಸಿಗುತ್ತವೆ ಎಂಬ ಜಂಬವೂ ಇತ್ತು. ಒಳಗೆ ಕಾಲಿಟ್ಟಾಗ ಅತ್ತಿಗೆ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದರು. ನನ್ನ ಬಾಯಿಂದ ಬಂದದ್ದು “ಧೈರ್ಯ ತಗೊಳ್ಳಿ ಅತ್ತಿಗೆ” ಮಾತ್ರ. ಅವರು ತಲೆಯಾಡಿಸಿದರು. ನನಗಿಂತ ಮೊದಲು ಬಂದವರು “ಎಲ್ಲಾ ನಮ್ಮ ಕೈಲಿದೆಯಾ” ಅಂದಾಗಲೂ ಹಾಗೇ ತಲೆಯಾಡಿಸಿದ್ದರು. “ಮಕ್ಕಳಿಗೋಸ್ಕರ ನೀವು ಗಟ್ಟಿಯಾಗಬೇಕು” ಅಂದವರಿಗೂ ಅದೇ ಉತ್ತರ ಸಿಕ್ಕಿತ್ತು. ಅತ್ತಿಗೆ ನಮ್ಮ ಸಮಾಧಾನಕ್ಕೆ ಹಾಗೆ ಮಾಡುತ್ತಿದ್ದರು ಎಂದು ಹೊಳೆದದ್ದು ಆಮೇಲೆ. ಬಂದವರು ಬರಿಗೈಲಿ ಹೋಗಬಾರದಲ್ಲ.

ಇನ್ನೊಬ್ಬರು ವಿಚಾರಣೆಗೇ ಇಳಿದರು. ಎದೆನೋವು ಎಷ್ಟು ಹೊತ್ತಿಗೆ ಶುರುವಾಯಿತು, ಯಾವ ಡಾಕ್ಟರು, ಬೆಂಗಳೂರಿಗೆ ಯಾಕೆ ಕರಕೊಂಡು ಹೋಗಲಿಲ್ಲ. ಐದು ದಿನದಲ್ಲಿ ಆ ರಾತ್ರಿಯನ್ನು ಅತ್ತಿಗೆ ಎಷ್ಟು ಸಲ ಮೊದಲಿನಿಂದ ಹೇಳಿದ್ದರೋ. ಮಗ್ಗಿ ಒಪ್ಪಿಸುವವರ ಹಾಗೆ ಮತ್ತೊಮ್ಮೆ ಹೇಳಿದರು.

ಸಂಜೆ ಹೂವಿನವಳು ಬಂದಳು. ಬುಟ್ಟಿಯನ್ನು ಗೇಟಿನ ಹತ್ತಿರ ಚಪ್ಪಲಿಗಳ ಪಕ್ಕದಲ್ಲೇ ಇಟ್ಟು, ಅದರ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಹೊಸ್ತಿಲ ಬಳಿ ಕೂತಳು. ಸ್ವಲ್ಪ ಹೊತ್ತು ಏನೂ ಮಾತಿಲ್ಲ. ಆಮೇಲೆ ಅಂದಳು: “ಮೇಷ್ಟ್ರು ದಿನಾ ಜಗಳ ಆಡೋರು ಕಣಮ್ಮ ನನ್ ಹತ್ರ. ನಿನ್ ಕೈ ಗಿಡ್ಡ, ಅದಕ್ಕೇ ಮೊಳಾನೂ ಗಿಡ್ಡ ಅನ್ನೋರು. ಮನೇಗ್ ಬಂದು ಮತ್ತೆ ಅಳೀತಿದ್ರಾ?”

“ಅಳೀತಿದ್ರು,” ಅಂದರು ಅತ್ತಿಗೆ. “ಸ್ಕೇಲು ಹಿಡ್ಕೊಂಡು.”

ಅಷ್ಟು ಹೇಳಿ ನಕ್ಕರು. ನಕ್ಕು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಆಮೇಲೆ ಅರ್ಧ ಗಂಟೆ ಮಾತಾಡಿದರು. ಸ್ಕೇಲಿನ ವಿಷಯ, ಮದುವೆಯಾದ ಹೊಸದರಲ್ಲಿ ಬಾಡಿಗೆ ಮನೆಯ ಮಾಲೀಕನ ಜೊತೆ ನೀರಿಗಾಗಿ ನಡೆದ ಜಗಳ, ಇವರು ಕುಕ್ಕರಿನ ವಿಷಲ್ಲು ಎಣಿಸಿ ತಪ್ಪು ಲೆಕ್ಕ ಹೇಳುತ್ತಿದ್ದದ್ದು. ಐದು ದಿನ ಬಂದುಹೋದವರೆಲ್ಲ ಅವನು ಹೇಗೆ ಸತ್ತ ಎಂದು ಕೇಳಿದ್ದೆವು. ಅವನು ಬದುಕಿದ್ದಾಗಿನ ಒಂದು ಸಂಗತಿಯನ್ನು ತಂದು ಆ ಮನೆಯೊಳಗೆ ಇಟ್ಟವಳು ಇವಳೊಬ್ಬಳು. ಮಾತಾಡಿಸುವುದು ಅಂದರೆ ಇದು ಎಂದು ಅಂದು ಕಂಡೆ.

ಊರಿಗೆ ಮರಳಿದ ಮೇಲೆ ಮಹಾಭಾರತದ ಸ್ತ್ರೀಪರ್ವ ತೆಗೆದು ಕೂತೆ. ಕನ್ನಡದ ಓದುಗರು ಸಾಮಾನ್ಯವಾಗಿ ಅಲ್ಲಿಯವರೆಗೆ ಹೋಗುವುದಿಲ್ಲ. ಕುಮಾರವ್ಯಾಸ ಹತ್ತು ಪರ್ವ ಮುಗಿಸಿ, ಗದಾಪರ್ವಕ್ಕೇ ನಿಲ್ಲಿಸಿಬಿಟ್ಟ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಪೂರೈಸಿದನಾದರೂ ಗಮಕದ ಮನೆಗಳಲ್ಲಿ ಅವನಿಗೆ ಗದುಗಿನ ಕವಿಯ ಭಾಗ್ಯ ಬರಲಿಲ್ಲ. ವ್ಯಾಸಭಾರತದ ಹನ್ನೊಂದನೆಯ ಪರ್ವವಾದ ಸ್ತ್ರೀಪರ್ವ ಆರಂಭವಾಗುವುದೇ ಒಂದು ಸಾವಿನ ಮನೆಯಲ್ಲಿ. ನೂರು ಮಕ್ಕಳನ್ನು ಕಳೆದುಕೊಂಡ ಧೃತರಾಷ್ಟ್ರನನ್ನು ಮಾತಾಡಿಸಲು ಬಂದವರು ಸಾಮಾನ್ಯರಲ್ಲ: ಸಂಜಯ, ವಿದುರ, ಸ್ವತಃ ವ್ಯಾಸ. ಸಂಜಯ ಶುರುಮಾಡುವುದೇ ‘ಆಗ ಹೇಳಿದರೆ ನೀನು ಕೇಳಲಿಲ್ಲ’ ಎಂಬ ಧಾಟಿಯಲ್ಲಿ. ವಿದುರ ಅಧ್ಯಾಯಗಟ್ಟಲೆ ತತ್ವ ಹೇಳುತ್ತಾನೆ. ಪಾಳುಬಾವಿಯಲ್ಲಿ ಬಳ್ಳಿ ಹಿಡಿದು ತಲೆಕೆಳಗಾಗಿ ನೇತಾಡುತ್ತ, ಕೆಳಗೆ ಹಾವು ಮೇಲೆ ಆನೆ ಇದ್ದರೂ ತೊಟ್ಟಿಕ್ಕುವ ಜೇನಿಗೆ ಬಾಯೊಡ್ಡುವ ಮನುಷ್ಯನ ಪ್ರಸಿದ್ಧ ಕಥೆ ಬರುವುದು ಇಲ್ಲಿಯೇ. ಅದ್ಭುತವಾದ ಕಥೆ, ಅನುಮಾನವಿಲ್ಲ. ಅದನ್ನೆಲ್ಲ ಕೇಳಿಸಿಕೊಂಡ ಧೃತರಾಷ್ಟ್ರ ಎದ್ದುಹೋಗಿ ಮಾಡಿದ್ದೇನು? ಭೀಮನೆಂದು ತಿಳಿದು ಕಬ್ಬಿಣದ ಪ್ರತಿಮೆಯನ್ನು ಅಪ್ಪಿ ಪುಡಿಮಾಡಿದ. ಅಷ್ಟು ಉಪದೇಶದ ಫಲಿತಾಂಶ ಅದು.

ಅದೇ ಪರ್ವದಲ್ಲಿ ಗಾಂಧಾರಿಯದು ಬೇರೆಯೇ ಕಥೆ. ಅವಳಿಗೆ ರಣಭೂಮಿ ಕಾಣುವ ದೃಷ್ಟಿ ಬರುತ್ತದೆ. ಪಕ್ಕದಲ್ಲಿ ಕೃಷ್ಣನನ್ನು ಇಟ್ಟುಕೊಂಡು, ಇಗೋ ನೋಡು ಕೃಷ್ಣ, ಅಗೋ ನೋಡು ಎನ್ನುತ್ತ ಒಬ್ಬೊಬ್ಬರನ್ನೇ ತೋರಿಸುತ್ತಾಳೆ: ದುರ್ಯೋಧನ, ಅಭಿಮನ್ಯು, ಕರ್ಣ, ಎದೆ ಬಡಿದುಕೊಳ್ಳುವ ಸೊಸೆಯರು. ಹತ್ತು ಅಧ್ಯಾಯಗಳ ಮಾತು. ಗೀತೆ ಹೇಳಿದ ಬಾಯಿ ಅಷ್ಟು ಹೊತ್ತು ತೆಪ್ಪಗಿರುತ್ತದೆ. ಕೊನೆಗೆ ಅವಳು ಯಾದವಕುಲಕ್ಕೇ ಶಾಪ ಕೊಟ್ಟಾಗಲೂ ನಸುನಗುತ್ತ ಒಪ್ಪಿಕೊಳ್ಳುತ್ತಾನೆ. ಇಲ್ಲಿಗೇ ಮುಗಿದಿದ್ದರೆ ನನ್ನ ವಾದಕ್ಕೆ ಅನುಕೂಲವಾಗುತ್ತಿತ್ತು. ಮುಂದಿನ ಅಧ್ಯಾಯದಲ್ಲಿ ಕೃಷ್ಣನೂ ತಡೆಯಲಾರದೆ ಬುದ್ಧಿ ಹೇಳುತ್ತಾನೆ. ಏಳು ಗಾಂಧಾರಿ, ಕುರುಕುಲ ನಾಶವಾದದ್ದು ನಿನ್ನದೇ ತಪ್ಪಿನಿಂದ, ಎನ್ನುತ್ತಾನೆ. ಅದನ್ನು ಕೇಳಿ ಗಾಂಧಾರಿ ಸುಮ್ಮನಾದಳು ಎಂದು ವ್ಯಾಸರು ಬರೆಯುತ್ತಾರೆ. ಅವಳಿಗೆ ಸಮಾಧಾನವಾಯಿತು ಎಂದು ಬರೆಯುವುದಿಲ್ಲ. ವ್ಯಾಸರಿಗೆ ಇಂಥ ಕಡೆ ಪದ ತಪ್ಪುವುದಿಲ್ಲ.

ಹೂವಿನವಳು ಮಾಡಿದ ಕೆಲಸವನ್ನು ಒಂದು ದೇಶ ವ್ಯವಸ್ಥಿತವಾಗಿ ಮಾಡಿ, ಲೆಕ್ಕ ಇಟ್ಟು ನೋಡಿದೆ. ಜಿಂಬಾಬ್ವೆ. ಅಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬರಾದ ಡಿಕ್ಸನ್ ಚಿಬಾಂಡ 2006ರಲ್ಲಿ ರಾಜಧಾನಿ ಹರಾರೆಯ ಎಂಬಾರೆ ಎಂಬ ಬಡವರ ಬಡಾವಣೆಯಲ್ಲಿ 14 ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟರು. ಆರೋಗ್ಯ ಕೇಂದ್ರದ ಒಳಗೆ ಕೊಠಡಿ ಸಿಗಲಿಲ್ಲ, ಹೊರಗೆ ಒಂದು ಮರದ ಬೆಂಚು ಹಾಕಿಸಿದರು. ಅದಕ್ಕೆ ‘ಮಾನಸಿಕ ಆರೋಗ್ಯದ ಬೆಂಚು’ ಎಂದು ಹೆಸರಿಟ್ಟರೆ ಯಾರೂ ಹತ್ತಿರ ಸುಳಿಯುವುದಿಲ್ಲ ಎಂದು ಹೇಳಿದವರು ಅಜ್ಜಿಯರೇ. ‘ಗೆಳೆತನದ ಬೆಂಚು’ ಎಂದಾಯಿತು. ಅಲ್ಲಿಯ ಶೋನಾ ಭಾಷೆಯಲ್ಲಿ ಖಿನ್ನತೆಗೆ ಹತ್ತಿರದ ಪದ ‘ಕುಫುಂಗಿಸಿಸ’. ಅತಿಯಾಗಿ ಯೋಚಿಸುವುದು ಎಂದರ್ಥ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. “ಅವಳಿಗೆ ಬರೀ ಯೋಚನೆ”, “ಯೋಚನೆ ಹಚ್ಕೊಂಡು ಸೊರಗಿದ್ದಾನೆ” ಎನ್ನುವ ನಮಗೆ ಯೋಚನೆ ಯಾವತ್ತೋ ಕಾಯಿಲೆಯ ಹೆಸರಾಗಿದೆ.

ಅಜ್ಜಿಯರ ವಿಧಾನದ ಮೊದಲ ಹಂತಕ್ಕೆ ‘ಮನಸ್ಸು ತೆರೆಯುವುದು’ ಎಂದು ಹೆಸರು. ಬೆಂಚಿನಲ್ಲಿ ಪಕ್ಕಕ್ಕೆ ಕೂತವರು ತಮ್ಮ ತಾಪತ್ರಯಗಳನ್ನೆಲ್ಲ ಹೇಳಿಕೊಳ್ಳುತ್ತಾರೆ. ಅವುಗಳಲ್ಲಿ ಒಂದನ್ನು ಅವರೇ ಆರಿಸುತ್ತಾರೆ, ದಾರಿಯನ್ನೂ ಅವರೇ ಹುಡುಕುತ್ತಾರೆ. ಅಜ್ಜಿ ಉತ್ತರ ಕೊಡುವಂತಿಲ್ಲ. ನಮ್ಮ ಅಜ್ಜಿಯರನ್ನು ನೆನೆಸಿಕೊಂಡರೆ ಆ ತರಬೇತಿಯಲ್ಲಿ ಅತ್ಯಂತ ಕಷ್ಟದ ಪಾಠ ಇದೇ ಆಗಿದ್ದಿರಬೇಕು ಅನ್ನಿಸುತ್ತದೆ. 2016ರಲ್ಲಿ ಅಮೆರಿಕದ ಒಂದು ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಇದರ ಫಲಿತಾಂಶ ಪ್ರಕಟವಾಯಿತು. ಹರಾರೆಯ 24 ಕೇಂದ್ರಗಳ 573 ಜನರನ್ನು ಎರಡು ಗುಂಪು ಮಾಡಿದ್ದರು. ಆರು ತಿಂಗಳ ಬಳಿಕ, ಎಂದಿನ ಆರೈಕೆ ಪಡೆದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಖಿನ್ನತೆಯ ಲಕ್ಷಣ ಇತ್ತು. ಬೆಂಚಿನಲ್ಲಿ ಕೂತುಹೋದವರಲ್ಲಿ ಅದು ಶೇ. 14ರಷ್ಟು.

ನಮ್ಮಲ್ಲೂ ಫೋನಿನಲ್ಲಿ ಇಂಥದೊಂದು ಬೆಂಚಿದೆ. 14416ಕ್ಕೆ ಕರೆ ಮಾಡಿದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಿಗುತ್ತದೆ. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ರಾತ್ರಿ ಎರಡು ಗಂಟೆಯಾದರೂ ಸರಿ. ಯೋಚನೆ ಬಂದು ಕೂರುವುದು ಹೆಚ್ಚಾಗಿ ಆ ಹೊತ್ತಿನಲ್ಲೇ.

ಮಾತಾಡಿಸಿದರೂ ಮಾತಾಡದವರಿರುತ್ತಾರೆ, ಅವರ ಬಾಯಿ ಬಿಡಿಸಲು ಹೊರಡುವುದು ಇನ್ನೊಂದು ಬಗೆಯ ಹಿಂಸೆ. ಅದಕ್ಕೂ ನಮ್ಮ ಹಿರಿಯರಲ್ಲಿ ಉಪಾಯವಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಪಕ್ಕದ ಮನೆಯವರು ಅನ್ನ ಸಾರು ಕಳಿಸುತ್ತಿದ್ದರಲ್ಲ, ಅದು. ಸಾರಿನ ಪಾತ್ರೆ ಏನನ್ನೂ ಕೇಳುವುದಿಲ್ಲ. ನನ್ನ ತಾಯಿ ಹೀಗೆ ಕಳಿಸುವಾಗ ಪಾತ್ರೆ ವಾಪಸು ಕೊಡುವ ತಾಪತ್ರಯ ಬೇಡವೆಂದು ಹಳೆಯ, ಸೊಟ್ಟಾದ ಪಾತ್ರೆಯನ್ನೇ ಹುಡುಕುತ್ತಿದ್ದಳು. ಅದೆಲ್ಲಿಯ ಜಿಪುಣತನ ಎಂದು ಚಿಕ್ಕಂದಿನಲ್ಲಿ ನನಗೆ ನಾಚಿಕೆಯಾಗುತ್ತಿತ್ತು.

ಗೆಳೆಯನ ವರ್ಷದ ತಿಥಿಗೆ ಹೋದಾಗ ಸಂಜೆಯವರೆಗೂ ಉಳಿದೆ. ನೆಂಟರು ಹೊರಟುಹೋಗಿದ್ದರು. ಹೂವಿನವಳ ಕೂಗು ಕೇಳಿಸಿತು. ಅತ್ತಿಗೆ ಎದ್ದು ಗೇಟಿಗೆ ಹೋದರು. ಬೇಕಾ ಎಂದು ಅವಳು ಕೇಳಲಿಲ್ಲ, ಮೊಣಕೈಯಿಂದ ಬೆರಳ ತುದಿಯವರೆಗೆ ಎರಡು ಸಲ ಅಳೆದು, ದಾರ ಹಲ್ಲಿನಲ್ಲಿ ಕಚ್ಚಿ ಹರಿದು, ಬಾಳೆಲೆಯಲ್ಲಿ ಸುತ್ತಿ ಕೊಟ್ಟಳು. ಅದು ಫೋಟೋಕ್ಕೋ ಮುಡಿಗೋ, ನಾನು ಕೇಳಲಿಲ್ಲ. ಅತ್ತಿಗೆ ಎಲೆ ಬಿಚ್ಚಿ ನೋಡಿದರು.

“ಗಿಡ್ಡ ಆಯ್ತು.”

“ಸ್ಕೇಲ್ ತಗೊಂಡ್ ಬನ್ನಿ ಹೋಗಿ,” ಅಂದಳು ಅವಳು, ಬುಟ್ಟಿ ಎತ್ತಿಕೊಳ್ಳುತ್ತ.